ಬೆಟ್ಟದ ಮೇಲಿನ ಉರಿ

ಅಮೆರಿಕದ ಕೊಲರಾಡೊ ರಾಜ್ಯದ ರಾಜಧಾನಿ ಡೆನ್ವರ್ ಸಮುದ್ರಮಟ್ಟದಿಂದ ಒಂದು ಮೈಲಿ, ಅಂದರೆ 5,280 ಅಡಿ ಎತ್ತರದಲ್ಲಿದೆ. ಅಲ್ಲಿಂದ ರಾಕಿ ಪರ್ವತ ಹತ್ತುತ್ತ ಹೋದರೆ ಲೆಡ್‌ವಿಲ್ ಎಂಬ ಹಳೆಯ ಗಣಿ ಊರು ಸಿಗುತ್ತದೆ. ಅದು 10,000 ಅಡಿಗೂ ಮೇಲೆ. ಚಳಿಗಾಲದ ರಾತ್ರಿ ಅಲ್ಲಿ ಪಾದರಸ ಸೊನ್ನೆಗಿಂತ 20 ಡಿಗ್ರಿ ಕೆಳಗಿಳಿಯುವುದೂ ಉಂಟು. ಇಂಥ ಊರಿನ ಮನೆಗಳನ್ನು ಬದುಕಿಸಿಡುವುದು ಗ್ಯಾಸ್ ಫರ್ನೆಸ್. ಅದು ಗ್ಯಾಸ್ ಉರಿಸಿ ಕೊಳವೆಗಳ ಮೂಲಕ ಕೋಣೆಕೋಣೆಗೂ ಬಿಸಿಗಾಳಿ ಕಳಿಸುತ್ತದೆ. ಒಲೆ, ಕುಲುಮೆ, ಬಾಯ್ಲರ್ ಯಾವುದೇ ಇರಲಿ, ಉರಿಯ ಹದ ನೋಡುವುದು ಈ ಅಂಕಣದ ಕೆಲಸ. ಹದ ತಪ್ಪಿದರೆ ಜೀವಕ್ಕೇ ಕುತ್ತು ತರುವ ಉರಿಯ ಮಾತು ಇವತ್ತಿನದು.

ಎತ್ತರದ ಗಾಳಿಯಲ್ಲಿ ಆಮ್ಲಜನಕದ ಪಾಲೇ ಕಡಿಮೆ ಎಂದು ಅನೇಕರು ತಿಳಿದಿದ್ದಾರೆ. ಪಾಲು ಎಲ್ಲೆಡೆ ಅಷ್ಟೇ, ಸುಮಾರು ಶೇ 21. ತೆಳ್ಳಗಾಗುವುದು ಗಾಳಿ. ಡೆನ್ವರ್‌ನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಶೇ 83ರಷ್ಟು, ಲೆಡ್‌ವಿಲ್‌ನಲ್ಲಿ ಶೇ 70ರ ಆಸುಪಾಸು. ಜೆಟ್ ಎಂಬ ಸಣ್ಣ ತೂತಿನಿಂದ ಚಿಮ್ಮುವ ಗ್ಯಾಸೂ ತೂಕದಲ್ಲಿ ಒಂದಿಷ್ಟು ಇಳಿಯುತ್ತದೆ ನಿಜ, ಆದರೆ ಗಾಳಿ ಇಳಿದಷ್ಟು ಇಳಿಯುವುದಿಲ್ಲ. ಹಾಗಾಗಿ ಬಯಲುಸೀಮೆಗೆಂದು ಹದಮಾಡಿದ ಫರ್ನೆಸ್ಸನ್ನು ಹಾಗೇ ಬೆಟ್ಟಕ್ಕೆ ಒಯ್ದರೆ ಗ್ಯಾಸ್ ಹೆಚ್ಚು, ಗಾಳಿ ಕಡಿಮೆ ಎಂಬಂತಾಗುತ್ತದೆ. ಅರೆಬರೆ ಉರಿದ ಗ್ಯಾಸಿನಿಂದ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳದೇ ಹೋಗಬಹುದು.

ಅಮೆರಿಕದ ಗ್ಯಾಸ್ ಸಂಹಿತೆಯಲ್ಲಿ ಇದಕ್ಕೊಂದು ಹಳೆಯ ಸೂತ್ರವಿದೆ: 2,000 ಅಡಿ ದಾಟಿದ ಊರಿನಲ್ಲಿ, ಸಮುದ್ರಮಟ್ಟದಿಂದ ಎಣಿಸಿ ಪ್ರತಿ 1,000 ಅಡಿಗೆ ಶೇ 4ರಂತೆ ಉರಿಯನ್ನು ತಗ್ಗಿಸಬೇಕು. ಗಂಟೆಗೆ 1,00,000 ಬಿಟಿಯು (ಶಾಖದ ಒಂದು ಅಳತೆ) ಗ್ಯಾಸ್ ಉರಿಸುವ ಫರ್ನೆಸ್ ಡೆನ್ವರ್‌ನಲ್ಲಿ ಸುಮಾರು 79,000ಕ್ಕೆ ನಿಲ್ಲಬೇಕು, ಲೆಡ್‌ವಿಲ್‌ನಲ್ಲಿ 60,000ಕ್ಕೆ. ಹೊಸ ಮಾದರಿಗಳಿಗೆ ತಯಾರಕರೇ ಬೇರೆ ಕೋಷ್ಟಕ ಕೊಟ್ಟಿದ್ದರೆ ಅದೇ ಅಂತಿಮ. ಮನೆ ಕೊಳ್ಳುವವರು ಇಲ್ಲೇ ಎಡವುವುದು. ಫರ್ನೆಸ್ಸಿನ ಫಲಕದ ಮೇಲಿರುವ ಅಂಕಿಯನ್ನೇ ನಂಬಿ ಕೊಂಡರೆ, ಅದು ಬೆಟ್ಟದ ಚಳಿಗೆ ಸಾಲದು. ಆಗ ‘ಇನ್ನೂ ಸ್ವಲ್ಪ ಗ್ಯಾಸ್ ಬಿಡಿ’ ಎಂದು ಕೇಳುವ ಮನಸ್ಸಾಗುತ್ತದೆ. ಅದನ್ನು ಮಾತ್ರ ಕೇಳಬಾರದು. ದೊಡ್ಡ ಫರ್ನೆಸ್ ಹಾಕಿಸಬೇಕು, ಇಲ್ಲವೇ ಮನೆಯ ಗೋಡೆ, ಸೂರುಗಳಿಂದ ಸೋರುವ ಶಾಖವನ್ನು ತಡೆಯಬೇಕು.

ಉರಿಯನ್ನು ತಗ್ಗಿಸುವುದು ಜೆಟ್‌ನಿಂದ. ಬೆರಳ ತುದಿಯಲ್ಲಿ ಕೂರುವಷ್ಟು ಚಿಕ್ಕ ಹಿತ್ತಾಳೆ ತುಂಡು, ನಡುವೆ ಒಂದು ತೂತು, ಪಕ್ಕದಲ್ಲಿ ಕೊರೆದ ಸಂಖ್ಯೆ. ಸಂಖ್ಯೆ ದೊಡ್ಡದಾದಷ್ಟೂ ತೂತು ಚಿಕ್ಕದು. 45ನೇ ನಂಬರಿನ ತೂತು ಸುಮಾರು 2.1 ಮಿಲಿಮೀಟರ್, 55ನೆಯದು 1.3. ಬೆಳಕಿಗೆ ಹಿಡಿದು ನೋಡಿದರೆ ಕಾರ್ಖಾನೆಯಲ್ಲಿ ಕೊರೆದ ತೂತಿನ ಅಂಚು ಕನ್ನಡಿಯಂತೆ ನುಣುಪಾಗಿರುತ್ತದೆ. ಮನೆಯಲ್ಲಿ ಡ್ರಿಲ್ ಹಿಡಿದು ಕೊರೆದದ್ದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಮುಳ್ಳು ಉಳಿದರೂ ಗ್ಯಾಸಿನ ಧಾರೆ ಓರೆಯಾಗಿ, ಗಾಳಿ ಸರಿಯಾಗಿ ಬೆರೆಯುವುದಿಲ್ಲ. ಇರುವ ಜೆಟ್ಟನ್ನೇ ಬೆಸುಗೆ ತುಂಬಿ ಚಿಕ್ಕದು ಮಾಡುವುದಂತೂ ಅಪರಾಧ ಎಂದೇ ನನ್ನ ಅಭಿಪ್ರಾಯ. ಆಯಾ ಮಾದರಿಗೆ ತಯಾರಕರು ಕೊಡುವ ಕಿಟ್ ಬಿಟ್ಟು ಬೇರೆ ದಾರಿಯಿಲ್ಲ.

ಗ್ಯಾಸ್ ಪೈಪ್‌ಲೈನ್ ತಲುಪದ ಬೆಟ್ಟದ ಮನೆಗಳ ಅಂಗಳದಲ್ಲಿ ಪ್ರೊಪೇನ್ ಟ್ಯಾಂಕ್ ಇರುತ್ತದೆ. ಆಗ ಲೆಕ್ಕ ಇನ್ನೂ ಬಿಗಿಯಾಗುತ್ತದೆ. ಒಂದು ಘನ ಅಡಿ ನೈಸರ್ಗಿಕ ಅನಿಲದಲ್ಲಿ ಸುಮಾರು 1,000 ಬಿಟಿಯು ಶಾಖವಿದ್ದರೆ ಪ್ರೊಪೇನ್‌ನಲ್ಲಿ 2,500. ಒಂದು ಪಾಲು ನೈಸರ್ಗಿಕ ಅನಿಲಕ್ಕೆ ಸುಮಾರು ಹತ್ತು ಪಾಲು ಗಾಳಿ ಸಾಕು. ಪ್ರೊಪೇನ್‌ಗೆ ಸುಮಾರು 24 ಪಾಲು ಬೇಕು. ಫರ್ನೆಸ್ಸಿನ ಒಳಗಿನ ಗ್ಯಾಸ್ ಒತ್ತಡ ಮೊದಲನೆಯದಕ್ಕೆ ನೀರಿನ ಕಂಬದ ಮೂರೂವರೆ ಇಂಚು, ಎರಡನೆಯದಕ್ಕೆ ಹತ್ತು ಇಂಚಿನ ಸುತ್ತಮುತ್ತ. ಹಳೆಯ ಜೆಟ್ಟನ್ನೇ ಉಳಿಸಿಕೊಂಡು ಪ್ರೊಪೇನ್ ಹಾಯಿಸಿದರೆ, ಒತ್ತಡ ಹೆಚ್ಚಿಸದಿದ್ದರೂ ಉರಿ ಒಂದೂವರೆ ಪಟ್ಟಾಗುತ್ತದೆ. ಒತ್ತಡವನ್ನೂ ಏರಿಸಿದರೆ ಎರಡೂವರೆ ಪಟ್ಟು ಮೀರುತ್ತದೆ. ಮಸಿ ಕಟ್ಟಿ, ಉರಿಯನ್ನೂ ಮನೆಯ ಗಾಳಿಯನ್ನೂ ಬೇರೆಬೇರೆ ಇಡುವ ಲೋಹದ ಗೋಡೆ ಬಿರುಕು ಬಿಡುವುದಕ್ಕೆ ಅಷ್ಟು ಸಾಕು. ಸೋರಿದ ಪ್ರೊಪೇನ್ ಗಾಳಿಗಿಂತ ಒಂದೂವರೆ ಪಟ್ಟು ಭಾರ. ಮೇಲೆ ಹೋಗದೆ ಬೇಸ್‌ಮೆಂಟ್‌ನ ನೆಲದಲ್ಲೇ ಕೂರುತ್ತದೆ.

ಎತ್ತರದಲ್ಲಿ ಇನ್ನೊಂದು ತೊಡಕು ಪ್ರೆಷರ್ ಸ್ವಿಚ್‌ನದು. ಹೊಗೆಯನ್ನು ಹೊರಗೆಳೆಯುವ ಫ್ಯಾನ್ ಸರಿಯಾಗಿ ಎಳೆಯುತ್ತಿದೆಯೇ ಎಂದು ಕಾಯುವ ಭಾಗ ಅದು. ತೆಳುಗಾಳಿಯಲ್ಲಿ ಎಳೆತ ಕುಗ್ಗುವುದರಿಂದ ಸ್ವಿಚ್ ಮತ್ತೆಮತ್ತೆ ಉರಿ ಆರಿಸುತ್ತದೆ. ನಡುರಾತ್ರಿ ಮನೆ ತಣ್ಣಗಾದಾಗ ಆ ಸ್ವಿಚ್ಚಿಗೆ ಒಂದು ತಂತಿ ಅಡ್ಡ ಹಾಕಿ ‘ಸರಿಮಾಡಿಕೊಡುವ’ ಕೆಲಸಗಾರರಿದ್ದಾರೆ. ಆ ತಂತಿಯ ಮೇಲೆ ನಿಂತಿರುವುದು ಇಡೀ ಕುಟುಂಬದ ಉಸಿರು. ಎತ್ತರಕ್ಕೆಂದೇ ತಯಾರಕರು ಕೊಡುವ ಸ್ವಿಚ್ ಇರುತ್ತದೆ, ಅದನ್ನೇ ಹಾಕಿಸಬೇಕು.

ಇಷ್ಟಾದರೂ ಅರ್ಧ ಕೆಲಸ ಮುಗಿದಂತೆ. ಉರಿ ನೀಲಿಯಾಗಿದೆ, ಸಾಕು ಎನ್ನುವವರನ್ನು ನಾನು ಒಪ್ಪುವುದಿಲ್ಲ. ನೀಲಿ ಉರಿಯಿಂದಲೂ ಕಾರ್ಬನ್ ಮೊನಾಕ್ಸೈಡ್ ಬರಬಹುದು. ಮಾನೋಮೀಟರ್ ಕಟ್ಟಿ ಗ್ಯಾಸಿನ ಒತ್ತಡ ನೋಡಬೇಕು. ಒಳಹೋಗುವ ಮತ್ತು ಹೊರಬರುವ ಗಾಳಿಯ ಬಿಸಿಯ ಅಂತರ ಫಲಕದಲ್ಲಿ ಬರೆದ ಮಿತಿಯೊಳಗಿರಬೇಕು. ನೈಸರ್ಗಿಕ ಅನಿಲವಾದರೆ ಮನೆಯ ಬೇರೆಲ್ಲ ಗ್ಯಾಸ್ ಆರಿಸಿ, ಮೀಟರಿನ ಮುಳ್ಳು ಒಂದು ಸುತ್ತು ಬರಲು ಎಷ್ಟು ಸೆಕೆಂಡ್ ಎಂದು ಎಣಿಸಿದರೆ ಉರಿಯ ಲೆಕ್ಕ ಸಿಗುತ್ತದೆ. ಎತ್ತರದ ಊರುಗಳ ಗ್ಯಾಸಿಗೆ ಶಾಖಮೌಲ್ಯವೇ ಕಡಿಮೆ ಇರಬಹುದು, ಆ ಅಂಕಿಯನ್ನು ಗ್ಯಾಸ್ ಕಂಪನಿಯನ್ನೇ ಕೇಳಿ ಪಡೆಯಬೇಕು. ಟ್ಯಾಂಕಿನ ಮನೆಗಳಲ್ಲಿ ಸಾಮಾನ್ಯವಾಗಿ ಮೀಟರ್ ಇರುವುದಿಲ್ಲ, ಜೆಟ್ ನಂಬರು ಮತ್ತು ಒತ್ತಡವೇ ಆಧಾರ. ಕೊನೆಗೆ ಹೊಗೆ ಕೊಳವೆಯೊಳಗೆ ಅನಲೈಸರಿನ ಕಡ್ಡಿ ತೂರಿಸಿ ಕಾರ್ಬನ್ ಮೊನಾಕ್ಸೈಡ್ ಅಳೆಯಬೇಕು. ಮಾನಕದ ಗರಿಷ್ಠ ಮಿತಿ 400 ಪಿಪಿಎಂ. ಚೆನ್ನಾಗಿ ಹದವಾದ ಫರ್ನೆಸ್ ಅದಕ್ಕಿಂತ ಬಹಳ ಕೆಳಗೇ ನಿಲ್ಲುತ್ತದೆ.

ಬೆಂಗಳೂರಿನ ಓದುಗರಿಗೆ ಇದು ತೀರ ದೂರದ ಮಾತಲ್ಲ. ಸಿಲಿಂಡರ್ ಬಿಟ್ಟು ಪೈಪ್ ಗ್ಯಾಸ್, ಅಂದರೆ ನೈಸರ್ಗಿಕ ಅನಿಲ, ಹಾಕಿಸಿಕೊಂಡ ಮನೆಗಳಲ್ಲಿ ಇದೇ ಕೆಲಸ ತಿರುವುಮುರುವಾಗಿ ನಡೆಯುತ್ತದೆ. ಎಲ್‌ಪಿಜಿಗೆ ತೂತು ಚಿಕ್ಕದು, ಪೈಪ್ ಗ್ಯಾಸಿಗೆ ದೊಡ್ಡದು. ಪೈಪ್ ಗ್ಯಾಸಿಗೆ ಬದಲಾಯಿಸಿದ ಒಲೆಗೆ ಮತ್ತೆ ಸಿಲಿಂಡರ್ ಜೋಡಿಸುವುದಾದರೆ ಜೆಟ್ ಬದಲಾಯಿಸದೆ ಹಚ್ಚಬೇಡಿ.

ಕೊಲರಾಡೊದಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ನನ್ನದೊಂದು ಬೇಡಿಕೆ. ಈ ಕೆಲಸಕ್ಕೆ ನೀವೇ ಕೈಹಾಕಬೇಡಿ, ಲೈಸೆನ್ಸ್ ಇರುವವರಿಂದಲೇ ಮಾಡಿಸಿ. ಮುಗಿದ ಮೇಲೆ ಜೆಟ್ ನಂಬರು, ಗ್ಯಾಸ್ ಒತ್ತಡ, ಕಾರ್ಬನ್ ಮೊನಾಕ್ಸೈಡ್ ಪ್ರಮಾಣ, ಈ ಮೂರನ್ನೂ ಬರೆಸಿ ಫರ್ನೆಸ್ಸಿನ ಬಾಗಿಲಿಗೆ ಅಂಟಿಸಿಕೊಳ್ಳಿ. ಬರೆದುಕೊಡಲು ಒಪ್ಪದವರಿಗೆ ಹಣ ಕೊಡಬೇಡಿ. ಮಲಗುವ ಕೋಣೆಯ 15 ಅಡಿ ಒಳಗೆ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇರಬೇಕೆಂದು ಆ ರಾಜ್ಯ 2009ರಲ್ಲೇ ಕಾನೂನು ಮಾಡಿದೆ. ನಿಮ್ಮ ಮನೆಯದು ಕೆಲಸ ಮಾಡುತ್ತಿದೆಯೇ ಎಂದು ಇವತ್ತೇ ಗುಂಡಿ ಒತ್ತಿ ನೋಡಿ.