ಹಳೆಯ ಜೀಪಿಗೆ ಯಾವ ಬಣ್ಣ?

ಹಳೆಯ ವಸ್ತುಗಳಿಗೆ ಈಗ ಶುಕ್ರದೆಸೆ. ಅಟ್ಟದ ಮೇಲೆ ಕಿಲುಬು ಹಿಡಿದು ಬಿದ್ದಿದ್ದ ತಾಮ್ರದ ಹಂಡೆ ನಡುಮನೆಗೆ ಬಂದು, ನೀರಿನ ಮೇಲೆ ಹೂವಿನ ಎಸಳು ತೇಲಿಸಿಕೊಂಡು ಕುಳಿತಿದೆ. ಬೀಸುವ ಕಲ್ಲು ರೆಸಾರ್ಟಿನ ಬಾಗಿಲು ಕಾಯುತ್ತಿದೆ. ಈ ಸಾಲಿಗೆ ಸೇರಿದ ಇನ್ನೊಂದು ವಸ್ತು ಜೀಪು. ಕೊಟ್ಟಿಗೆಯ ಪಕ್ಕ ಕೋಳಿಗಳಿಗೆ ಗೂಡಾಗಿ ನಿಂತಿದ್ದನ್ನು ಹೊರಗೆಳೆದು, ಲಕ್ಷಗಟ್ಟಲೆ ಸುರಿದು, ಮತ್ತೆ ಓಡಿಸುವವರು ಊರೂರಲ್ಲೂ ಇದ್ದಾರೆ. ‘ಅದು ಗಂಡಸರ ಆಟಿಕೆ, ನಮಗೇನು’ ಎಂದು ಪುಟ ಮಗುಚಬೇಡಿ. ಒಂದು ಕಾವ್ಯವನ್ನೋ ಸಿನಿಮಾವನ್ನೋ ನೋಡುವ ಹಾಗೆ ಈ ಜೀರ್ಣೋದ್ಧಾರವನ್ನೂ ನೋಡಿ, ಎಲ್ಲಿ ಚೆನ್ನಾಗಿದೆ, ಎಲ್ಲಿ ಸುಳ್ಳಾಗಿದೆ ಎಂದು ಹೇಳಬೇಕಾದ ಕಾಲ ಬಂದಿದೆ. ಹಾಗೆ ಹೇಳುವ ಹಕ್ಕು, ಅದರ ಹಿಂದಿನ ಸೀಟಿನಲ್ಲಿ ಎಗರಿ ಎಗರಿ ಸೊಂಟ ನೋಯಿಸಿಕೊಂಡ ನಮಗೂ ಇದೆ.

ಮೂಲ ಕೃತಿಯ ಬಗ್ಗೆ ಮೊದಲು ನಾಲ್ಕು ಮಾತು. 1940ರಲ್ಲಿ ಅಮೆರಿಕದ ಸೈನ್ಯ ಒಂದು ಹಗುರ ವಾಹನ ಕೇಳಿತು. ಮಾದರಿ ಒಪ್ಪಿಸಲು ಕೊಟ್ಟ ಗಡುವು 49 ದಿನ. ಪೆನ್ಸಿಲ್ವೇನಿಯಾದ ಬ್ಯಾಂಟಮ್ ಎಂಬ ಸಣ್ಣ ಕಂಪನಿಗಾಗಿ ಕಾರ್ಲ್ ಪ್ರಾಬ್ಸ್ಟ್ ಎಂಬ ಎಂಜಿನಿಯರ್ ಕೆಲವೇ ದಿನಗಳಲ್ಲಿ ನಕ್ಷೆ ಬರೆದುಕೊಟ್ಟ. ಸೆಪ್ಟೆಂಬರ್ 23ಕ್ಕೆ ಮೊದಲ ಗಾಡಿ ಸೈನ್ಯದ ಕೈ ಸೇರಿತು. ಆದರೆ ದೊಡ್ಡ ಆರ್ಡರುಗಳು ಹೋದದ್ದು ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳಿಗೆ. ಯುದ್ಧ ಮುಗಿಯುವಷ್ಟರಲ್ಲಿ ಅವೆರಡೂ ಸೇರಿ 6 ಲಕ್ಷಕ್ಕೂ ಹೆಚ್ಚು ಜೀಪು ಹೊರತಂದಿದ್ದವು.

ಅಂದಕ್ಕೆಂದು ಎಳೆದ ಒಂದು ಗೆರೆಯೂ ಆ ಜೀಪಿನಲ್ಲಿಲ್ಲ. ಬಾಗಿಲಿಲ್ಲ, ಏಕೆಂದರೆ ಸೈನಿಕ ಥಟ್ಟನೆ ಜಿಗಿಯಬೇಕು. ಮುಂದಿನ ಗಾಜು ಬಾನೆಟ್ಟಿನ ಮೇಲೆ ಮಡಚಿಕೊಳ್ಳುತ್ತದೆ. ಹೆಡ್‌ಲೈಟನ್ನು ಹಿಂದಕ್ಕೆ ಮಗುಚಿದರೆ ಅದೇ ಬೆಳಕಿನಲ್ಲಿ ಎಂಜಿನ್ ರಿಪೇರಿ ಮಾಡಬಹುದು. ಚಾಲಕನ ಸೀಟಿನ ಅಡಿಯಲ್ಲೇ ಪೆಟ್ರೋಲ್ ಟ್ಯಾಂಕು. ಚಪ್ಪಟೆ ಬಾನೆಟ್ಟು ಊಟದ ಮೇಜಾಯಿತು, ಪಾದ್ರಿಗಳಿಗೆ ಪ್ರಾರ್ಥನೆಯ ಪೀಠವೂ ಆಯಿತು. ಈಳಿಗೆಮಣೆಯಲ್ಲಿ ಬೇಡದ ಭಾಗ ಹೇಗೆ ಒಂದೂ ಇಲ್ಲವೋ ಹಾಗೆ. ಅದಕ್ಕೇ ಇರಬೇಕು, 1951ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಎಂಟು ಕಾರುಗಳನ್ನು ಕಲಾಕೃತಿಗಳಂತೆ ಪ್ರದರ್ಶಿಸಿದಾಗ, ಐಷಾರಾಮಿ ಕಾರುಗಳ ನಡುವೆ ಈ ಬಡ ಜೀಪಿಗೂ ಜಾಗ ಸಿಕ್ಕಿತು.

ಇನ್ನು ನಮ್ಮ ಜೀಪಿನ ಕತೆ. ಮಹೀಂದ್ರ ಕಂಪನಿ 1947ರಲ್ಲಿ ಬಿಡಿಭಾಗ ತರಿಸಿ ಮುಂಬಯಿಯಲ್ಲಿ ಜೋಡಿಸಲಾರಂಭಿಸಿತು. ಮಲೆನಾಡಿನ, ಕೊಡಗಿನ ಮನೆಗಳಲ್ಲಿ ಹೆಚ್ಚಾಗಿ ಕಾಣುವ ಹಳೆಯ ಜೀಪು ಯುದ್ಧದ್ದಲ್ಲ. ಅದರ ನಂತರದ ಸಿಜೆ-3ಬಿ ಎಂಬುದು. ಗುರುತಿಸುವುದು ಸುಲಭ. ಅದರ ಬಾನೆಟ್ಟು ಎತ್ತರ. ಹೊಸ ಎಂಜಿನ್ನಿನಲ್ಲಿ ಒಂದು ಬಗೆಯ ವಾಲ್ವುಗಳನ್ನು ಮೇಲೆ ಕೂರಿಸಿದ್ದರಿಂದ ಎಂಜಿನ್ ಎತ್ತರವಾಯಿತು, ಅದನ್ನು ಮುಚ್ಚಲು ಬಾನೆಟ್ಟೂ ಏರಿತು. ಇಲ್ಲಿ ಕೂಡ ಆಕಾರಕ್ಕೆ ಕಾರಣವಿದೆ.

ನನ್ನ ತಕರಾರು ಶುರುವಾಗುವುದು ಇಲ್ಲಿಂದ. ಪ್ರದರ್ಶನಗಳಲ್ಲಿ ಇದೇ ಎತ್ತರದ ಬಾನೆಟ್ಟಿನ ಜೀಪಿಗೆ ಸೇನೆಯ ಹಸಿರು ಬಳಿದು, ಅದರ ಮೇಲೆ ಅಮೆರಿಕದ ಬಿಳಿ ನಕ್ಷತ್ರ ಬರೆದು, ಹಿಂದೆ ಗುದ್ದಲಿ ಸನಿಕೆ ಕಟ್ಟಿ ನಿಲ್ಲಿಸಿರುತ್ತಾರೆ. ಯುದ್ಧ ಮುಗಿದು ಎಷ್ಟೋ ವರ್ಷಗಳ ಮೇಲೆ ಹುಟ್ಟಿದ ಗಾಡಿಗೆ ಯಾವ ಯುದ್ಧದ ನಕ್ಷತ್ರ? ಅದು ಹೊತ್ತದ್ದು ಅಡಿಕೆ ಮೂಟೆ, ಗೊಬ್ಬರ, ಮದುವೆ ದಿಬ್ಬಣ. ಕೆಲಸದಲ್ಲಿ ಕೊರತೆಯಿಲ್ಲ, ಒಪ್ಪುತ್ತೇನೆ. ಬಾಡಿಯನ್ನು ಚಾಸಿಯಿಂದ ಬಿಡಿಸಿ, ತುಕ್ಕು ತಿಂದ ತಳದ ತಗಡು ಕತ್ತರಿಸಿ ಹೊಸದು ಕೂರಿಸಿ, ಪುಟ್ಟಿಯಲ್ಲಿ ತೂತು ಮುಚ್ಚದೆ ಟಿಂಕರಿಂಗ್ ಮಾಡಿ, ರೆಡ್ ಆಕ್ಸೈಡ್ ಬಳಿದು, ಒಂದೊಂದು ಬೋಲ್ಟನ್ನೂ ಸೀಮೆಎಣ್ಣೆಯಲ್ಲಿ ನೆನೆಸಿ ಬಿಡಿಸುವುದಕ್ಕೆ ತಿಂಗಳುಗಟ್ಟಲೆ ತಾಳ್ಮೆ ಬೇಕು. ಅಷ್ಟೆಲ್ಲ ಕಷ್ಟಪಟ್ಟು ಕೊನೆಗೆ ಯಾರದೋ ನೆನಪನ್ನು ಅದರ ಮೈಮೇಲೆ ಬರೆಯುವುದೆಂದರೆ, ಅಜ್ಜಿಯ ಭಾವಚಿತ್ರ ತೊಳೆದು ಅದಕ್ಕೆ ಸಿನಿಮಾ ನಟಿಯ ಕಣ್ಣು ಬರೆದಂತಲ್ಲವೇ?

ನನ್ನ ತವರು ಕೊಪ್ಪದ ಕಡೆ. ಅಲ್ಲಿ 1966ರ ಒಂದು ಜೀಪಿದೆ. ಅದರ ಮೈಮೇಲೆ ಕಂಪನಿ ಕೊಡದ ಅನೇಕ ಸಂಗತಿಗಳಿವೆ. ಹಿಂದೆ ಹತ್ತಲು ಕಬ್ಬಿಣದ ಮೆಟ್ಟಿಲೊಂದನ್ನು ಬೆಸುಗೆ ಹಾಕಿಸಿದ್ದಾರೆ. ಸೀರೆ ಉಟ್ಟ ಹೆಂಗಸು ಅಷ್ಟೆತ್ತರ ಕಾಲೆತ್ತುವಂತಿಲ್ಲವಲ್ಲ, ಅದಕ್ಕೆ. ಹಿಡಿದುಕೊಳ್ಳಲು ಟಾಪಿನ ಸರಳಿಗೆ ಅಡ್ಡಲಾಗಿ ಒಂದು ಪೈಪು. ಮಳೆಯ ಇರಿಚಲು ತಡೆಯಲು ಅಕ್ಕಪಕ್ಕ ಟಾರ್ಪಾಲಿನ ಪರದೆ. ಆ ಪರದೆಯ ಮರೆಯಲ್ಲಿ ಆಷಾಢದ ರಾತ್ರಿಗಳಲ್ಲಿ ಹೆರಿಗೆ ನೋವಿನ ಹೆಂಗಸರು, ನಮ್ಮ ಮನೆಯವರು, ಕೆಲಸದವರ ಮನೆಯವರು, ಹಳ್ಳ ದಾಟಿ ಆಸ್ಪತ್ರೆಗೆ ಹೋಗಿದ್ದಾರೆ. ಗೇರಿನ ಪಕ್ಕದ ಎರಡು ಸಣ್ಣ ಲಿವರುಗಳನ್ನು ಎಳೆದು, ಮುಂದಿನ ಚಕ್ರಕ್ಕೂ ಬಲ ಕೊಟ್ಟು, ಲೋ ಗೇರಿನಲ್ಲಿ ಕೆಸರು ಹತ್ತಿಸುವಾಗ ಗಾಡಿ ಗೊಣಗುವ ಸದ್ದಿನಿಂದಲೇ ಅಮ್ಮ ಹೇಳುತ್ತಿದ್ದರು, ‘ಏರು ದಾಟಿತು, ಇನ್ನು ಭಯವಿಲ್ಲ’ ಎಂದು. ಎಂಬತ್ತರ ದಶಕದಲ್ಲಿ ಪೆಟ್ರೋಲಿನ ಖರ್ಚು ತಾಳದೆ ಅಣ್ಣ ಡೀಸೆಲ್ ಎಂಜಿನ್ ಹಾಕಿಸಿದರು. ಮಲೆನಾಡಿನಲ್ಲಿ ಎಷ್ಟೋ ಜೀಪುಗಳ ಹೃದಯ ಹೀಗೆಯೇ ಬದಲಾಗಿದೆ.

ಈಗ ಆ ಜೀಪನ್ನು ಎಬ್ಬಿಸುತ್ತಿರುವವಳು ಅಣ್ಣನ ಮಗಳು. ಅವಳಿಗೆ ಎದುರಾದದ್ದು ಕಾನೂನಿನ ವಿಮರ್ಶೆ. ಕೇಂದ್ರ ಸರ್ಕಾರ 2021ರಲ್ಲಿ ಹೊರಡಿಸಿದ ನಿಯಮದ ಪ್ರಕಾರ, 50 ವರ್ಷ ದಾಟಿದ, ಮೂಲರೂಪದಲ್ಲೇ ಉಳಿದ ವಾಹನಕ್ಕೆ ಮಾತ್ರ ‘ವಿಂಟೇಜ್’ ಪಟ್ಟ. ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ‘ವಿಎ’ ಅಕ್ಷರಗಳ ವಿಶೇಷ ನಂಬರು. ಆಮೇಲೆ ಅದನ್ನು ದಿನಬಳಕೆಗೆ ರಸ್ತೆಗೆ ಇಳಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಇಂಧನ, ಇಂಥವಕ್ಕಷ್ಟೇ.

ಈ ನಿಯಮದ ಉದ್ದೇಶ ಸರಿಯೇ. ಅದಿಲ್ಲದಿದ್ದರೆ ಬಿಡಿಭಾಗ ಕೂಡಿಸಿ ಕಟ್ಟಿದ ಗಾಡಿಯೂ ಪುರಾತನವೆಂದು ಮೆರೆದೀತು. ಆದರೆ ಇದರ ಕಣ್ಣಿಗೆ ಕಾಣುವುದು ಕಾರ್ಖಾನೆಯಿಂದ ಹೊರಬಿದ್ದ ದಿನ ಮಾತ್ರ. ಆಮೇಲಿನ ಐವತ್ತು ವರ್ಷದ ಸಂಸಾರ ಅದರ ಲೆಕ್ಕದಲ್ಲಿ ದೋಷ. ಹೆಚ್ಚು ದುಡಿಯದೆ ನೆರಳಲ್ಲಿ ನಿಂತ ಜೀಪಿಗೆ ಮರ್ಯಾದೆ, ದುಡಿದು ಸವೆದು ಎಂಜಿನ್ ಬದಲಿಸಿಕೊಂಡದ್ದಕ್ಕೆ ಇಲ್ಲ. ಈ ನ್ಯಾಯ ನಮಗೆ ಹೊಸದೇನಲ್ಲ. ಹೆಣ್ಣಿನ ಮದುವೆಯ ಫೋಟೋವನ್ನು ಗೋಡೆಗೆ ಹಾಕಿ, ಅವಳ ಬಿರಿದ ಅಂಗಾಲನ್ನು ಯಾರೂ ನೋಡದ ಲೋಕವಲ್ಲವೇ ಇದು?

‘ಅತ್ತೆ, ಡೀಸೆಲ್ ಎಂಜಿನ್ ತೆಗೆದು ಹಳೆಯ ಪೆಟ್ರೋಲಿನದು ಹುಡುಕಲಾ?’ ಎಂದು ಅವಳು ಕೇಳಿದಳು. ನಾನು ಉತ್ತರ ಹೇಳುವ ಮೊದಲೇ ನನ್ನ ಅತ್ತಿಗೆ, ‘ಪಟ್ಟ ತಗೊಂಡು ಶೆಡ್ಡಲ್ಲಿ ನಿಲ್ಲಿಸ್ತೀಯಾ? ಪೇಟೆಗೆ ಹೋಗೋಕೆ ಬೇಡ್ವಾ?’ ಎಂದರು. ವಾದ ಅಲ್ಲಿಗೆ ಮುಗಿಯಿತು. ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಿಕೊಂಡು ಸಾಮಾನ್ಯ ಗಾಡಿಯಾಗಿಯೇ ಅದು ಓಡಲಿದೆ.

ಹಾಗಾದರೆ ಒಳ್ಳೆಯ ಜೀರ್ಣೋದ್ಧಾರ ಯಾವುದು? ಪ್ರಾಣಕ್ಕೆ ಸಂಬಂಧಿಸಿದ್ದನ್ನು, ಅಂದರೆ ಬ್ರೇಕು, ಸ್ಟೀರಿಂಗು, ಟಯರು, ವೈರುಗಳನ್ನು, ಹಳೆಯದೆಂಬ ಮೋಹವಿಲ್ಲದೆ ಹೊಸದಾಗಿಸಬೇಕು. ತುಕ್ಕನ್ನು ಕತ್ತರಿಸಿ ಬಿಸಾಡಬೇಕು. ಅದು ನೆನಪಲ್ಲ, ರೋಗ. ಆದರೆ ಅವಶ್ಯಕತೆಗಾಗಿ ಮನೆಯವರು ಮಾಡಿಸಿದ ಬದಲಾವಣೆಯನ್ನು ಅಳಿಸಬಾರದು. ಓಲೆಗರಿಯ ಕಾವ್ಯವನ್ನು ಅಚ್ಚಿಗೆ ತರುವ ಒಳ್ಳೆಯ ಸಂಪಾದಕರು ಪಾಠಾಂತರಗಳನ್ನು ಎಸೆಯುವುದಿಲ್ಲ, ಅಡಿಟಿಪ್ಪಣಿಯಲ್ಲಿ ಉಳಿಸಿಕೊಡುತ್ತಾರೆ. ಜೀಪಿನ ಕಬ್ಬಿಣದ ಮೆಟ್ಟಿಲು ಅಂಥ ಪಾಠಾಂತರ. ಬಣ್ಣ ಯಾವುದಾದರೂ ಇರಲಿ, ಆ ಗಾಡಿ ಕಂಡ ಬಣ್ಣವಾಗಿರಲಿ. ಹಳೆಯ ಪೇಂಟನ್ನು ಮೆಲ್ಲಗೆ ಉಜ್ಜಿದರೆ ಪದರ ಪದರವಾಗಿ ಅದೇ ಹೇಳುತ್ತದೆ.

ಸುಖಪಡುವುದಕ್ಕೂ ಒಂದು ರೀತಿಯಿದೆ. ಈ ಜೀಪು ಹೆದ್ದಾರಿಯ ವೇಗಕ್ಕಲ್ಲ. ಗಾಜು ಮಡಚಿ, ಕಾಡಿನ ವಾಸನೆ ಮುಖಕ್ಕೆ ರಾಚುವಂತೆ ನಿಧಾನ ಹೋಗುವುದೇ ಅದರ ಸುಖ. ನಿಮ್ಮ ತವರಿನಲ್ಲೋ ಗಂಡನ ಊರಿನಲ್ಲೋ ಶೆಡ್ಡಿನ ಮೂಲೆಯಲ್ಲಿ ಇಂಥದೊಂದು ನಿಂತಿದ್ದರೆ, ಪೇಂಟರನ್ನು ಕರೆಸುವ ಮುನ್ನ ಮನೆಯ ಹಿರಿಯ ಹೆಂಗಸರನ್ನು ಅದರ ಹತ್ತಿರ ಕರೆದೊಯ್ಯಿರಿ. ಯಾವ ಮೆಟ್ಟಿಲು ಯಾರಿಗಾಗಿ ಬಂತು, ಯಾವ ತಗ್ಗು ಯಾವ ಮಳೆಗಾಲದ್ದು ಎಂದು ಕೇಳಿ ಬರೆದಿಟ್ಟುಕೊಳ್ಳಿ. ಕಂಪನಿಯ ಕೈಪಿಡಿಯಲ್ಲಿ ಸಿಗದ ಪುಟಗಳು ಅವರ ಬಳಿ ಇವೆ.