ಜೋಡಿಯ ಆಚೆಗಿನ ಆಲಿಸ್

ಅಮೆರಿಕದ ಬ್ಲೂಗ್ರಾಸ್ ಸಂಗೀತದ ಚರಿತ್ರೆಯಲ್ಲಿ ಆಲಿಸ್ ಜೆರಾರ್ಡ್ ಅವರಿಗೆ ಸಿಕ್ಕಿರುವುದು ಅರ್ಧ ಹೆಸರು. 'ಹೇಝಲ್ ಮತ್ತು ಆಲಿಸ್' ಜೋಡಿಯ ಮೊದಲ ಆಲ್ಬಂ ಬಂದದ್ದು 1965ರಲ್ಲಿ. ಗಂಡಸರ ಕೋಟೆಯಾಗಿದ್ದ ಈ ಸಂಗೀತದಲ್ಲಿ ಹೆಂಗಸರಿಗೆ ಬಾಗಿಲು ತೆರೆದವರು ಇವರೇ. 1976ರ ಹೊತ್ತಿಗೆ ಜೋಡಿ ಮುರಿಯಿತು. ಹೇಝಲ್ ಡಿಕೆನ್ಸ್ ಗಣಿ ಕಾರ್ಮಿಕರ ದನಿಯಾದರು, ಆಲಿಸ್ ಪತ್ರಿಕೆ, ದಾಖಲಾತಿ ಎಂದು ಹಿನ್ನೆಲೆಗೆ ಸರಿದರು. ಎಲ್ಲರೂ ಒಪ್ಪಿಕೊಂಡಿರುವ ಕಥೆ ಇದು. ನನಗೆ ಇದರಲ್ಲಿ ಒಪ್ಪಲಾಗದ್ದು ಬಹಳವಿದೆ.

ಬಾಗಿಲಿನ ಮಾತನ್ನೇ ನೋಡಿ. 1940ರ ದಶಕದಲ್ಲೇ ಸ್ಯಾಲಿ ಆನ್ ಫಾರೆಸ್ಟರ್ ಬ್ಲೂಗ್ರಾಸಿನ ಜನಕ ಬಿಲ್ ಮನ್ರೋ ಅವರ ಮೇಳದಲ್ಲಿ ಅಕಾರ್ಡಿಯನ್ ನುಡಿಸುತ್ತಿದ್ದರು. ಹಾಗಾಗಿ ಹೇಝಲ್-ಆಲಿಸ್ ಅವರ ಹೊಸತನ ಹೆಂಗಸರು ಈ ಸಂಗೀತಕ್ಕೆ ಬಂದದ್ದರಲ್ಲಿಲ್ಲ, ಹಾಡಿದ ಬಗೆಯಲ್ಲಿದೆ. ಮನ್ರೋ ಮೇಳದಲ್ಲೇ ಪಿಟೀಲು ನುಡಿಸಿದ್ದ ಚಬ್ಬಿ ವೈಸ್ ಮೊದಲ ಆಲ್ಬಂನಲ್ಲಿ ಇವರ ಹಿಂದೆ ನಿಂತರು. ಆಲಿಸ್ ಕೆಳಗಿನ ದನಿಯಲ್ಲಿ ಹಾಡನ್ನು ಹಿಡಿದು ನಡೆಸಿದರೆ ಹೇಝಲ್ ಮೇಲಿನಿಂದ ಕತ್ತಿಯಂತೆ ಸೀಳುತ್ತಾರೆ. ಎರಡೂ ದನಿಗಳ ಒರಟು ಹಾಗೇ ಉಳಿದಿದೆ. ಕೇಳುಗರಿಗೆ ಹಿತವಾಗಲೆಂದು ಯಾರೂ ನಯಗೊಳಿಸಿಲ್ಲ.

ವೆಸ್ಟ್ ವರ್ಜೀನಿಯಾದ ಗಣಿಸೀಮೆಯಲ್ಲಿ ಹುಟ್ಟಿದ ಹೇಝಲ್ ಅಸಲಿ, ಸಿಯಾಟಲ್‌ನಲ್ಲಿ ಹುಟ್ಟಿ ಕಾಲೇಜಿನಲ್ಲಿ ಈ ಹಾಡುಗಳ ರುಚಿ ಹತ್ತಿಸಿಕೊಂಡ ಆಲಿಸ್ ಕಲಿತವರು ಎಂಬ ಇನ್ನೊಂದು ತಕ್ಕಡಿಯೂ ಇದೆ. ಆದರೆ ಹುಟ್ಟಿನಿಂದ ಬಾರದ ಸಂಗೀತವನ್ನು ಕಿವಿಯಿಂದಲೇ ಸಂಪಾದಿಸಬೇಕು. ಆ ಕಿವಿಯೇ ಆಲಿಸ್ ಅವರ ನಿಜವಾದ ಸಾಧನೆ. 1980ರ ದಶಕದಲ್ಲಿ ಅವರು ಪಿಟೀಲುಗಾರರ ಊರೆಂದೇ ಹೆಸರಾದ ವರ್ಜೀನಿಯಾದ ಗೇಲ್ಯಾಕ್ಸ್‌ಗೆ ಹೋಗಿ ನೆಲೆಸಿದರು. ನಾರ್ತ್ ಕೆರೊಲಿನಾದ ಹಿರಿಯ ಪಿಟೀಲುಗಾರ ಟಾಮಿ ಜ್ಯಾರೆಲ್ ಅವರ ಜೊತೆ ಕೂತು ನುಡಿಸಿದರು, ಜ್ಯಾರೆಲ್ ಕುರಿತ ಚಿತ್ರದ ತಯಾರಿಕೆಗೆ ಕೈಜೋಡಿಸಿದರು. 1987ರಲ್ಲಿ 'ಓಲ್ಡ್-ಟೈಮ್ ಹೆರಾಲ್ಡ್' ಪತ್ರಿಕೆ ಆರಂಭಿಸಿ 2003ರವರೆಗೆ ಸಂಪಾದಿಸಿದರು.

ಇದನ್ನು 'ಸೇವೆ' ಎಂದು ಬದಿಗಿಡುವವರು ಅಳೆಯುವುದು ಬ್ಲೂಗ್ರಾಸಿನ ಕೋಲಿನಿಂದ. ಅಲ್ಲಿ ಬ್ಯಾಂಜೊ, ಪಿಟೀಲು, ಮ್ಯಾಂಡೊಲಿನ್ ಸರದಿಯಂತೆ ಮೈಕಿನ ಮುಂದೆ ಬಂದು ತಮ್ಮ ಕೈಚಳಕ ತೋರಿಸಿ ಹಿಂದೆ ಸರಿಯುತ್ತವೆ. ಬ್ಲೂಗ್ರಾಸಿಗೂ ಹಿಂದಿನ ಓಲ್ಡ್-ಟೈಮ್ ಸಂಗೀತದಲ್ಲಿ ಸಾಮಾನ್ಯವಾಗಿ ಸರದಿಯಿಲ್ಲ. ಎಲ್ಲರೂ ಒಂದೇ ಮಟ್ಟನ್ನು ಒಟ್ಟಿಗೆ, ಮತ್ತೆ ಮತ್ತೆ ನುಡಿಸುತ್ತಾರೆ. ಪಕ್ಕದವರನ್ನು ಕೇಳುತ್ತ ಜೊತೆಗೂಡುವುದೇ ಅಲ್ಲಿ ವಿದ್ವತ್ತು. ಆಲಿಸ್ ಅವರ ಬದುಕಿನ ದ್ವಿತೀಯಾರ್ಧ ಈ ಕ್ರಮಕ್ಕೆ ಸೇರಿದ್ದು. ಪತ್ರಿಕೆಯೂ ಅವರಿಗೆ ಸಂಗೀತದ ಕೆಲಸವೇ.

ಹಾಡು ಕಟ್ಟುವುದರಲ್ಲಿ ಹೇಝಲ್ ಅವರದು ಮೇಲುಗೈ, ಸಂದೇಹವಿಲ್ಲ. ಕಲ್ಲಿದ್ದಲ ದೂಳಿಗೆ ಶ್ವಾಸಕೋಶ ಕೊಟ್ಟವರ ಕುರಿತ ಅವರ ಹಾಡುಗಳಿಗೆ ಸಾಟಿಯಾದದ್ದನ್ನು ಆಲಿಸ್ ಬರೆಯಲಿಲ್ಲ. ಆದರೆ ಗಂಡಿನ ಅಳತೆಗೆ ತನ್ನನ್ನು ಹೊಲಿದುಕೊಂಡ ಹೆಣ್ಣನ್ನು ಕುರಿತ 'ಕಸ್ಟಮ್ ಮೇಡ್ ವುಮನ್ ಬ್ಲೂಸ್' ಬರೆದವರು ಆಲಿಸ್. 80ರ ವಯಸ್ಸಿನಲ್ಲಿ, 2014ರಲ್ಲಿ ತಂದ 'ಫಾಲೋ ದಿ ಮ್ಯೂಸಿಕ್' ಗ್ರ್ಯಾಮಿಗೆ ನಾಮನಿರ್ದೇಶನಗೊಂಡಿತು. 2023ರಲ್ಲಿ ಮತ್ತೊಂದು ಆಲ್ಬಂ ಬಂತು. 'ಹಿನ್ನೆಲೆಗೆ ಸರಿದ' ಗಾಯಕಿಯ ಲಕ್ಷಣ ಇದೇನು?

2017ರಲ್ಲಿ ಬ್ಲೂಗ್ರಾಸ್‌ನ ಗೌರವ ಪಟ್ಟಿಗೆ ಸೇರಿದ್ದು ಮತ್ತೆ ಆ ಜೋಡಿಯೇ. ಗೌರವ ಸರಿಯೇ, ಲೆಕ್ಕ ಮಾತ್ರ ಅರ್ಧ. 1976ಕ್ಕೆ ನಿಲ್ಲುವ ಚರಿತ್ರೆ ಆಲಿಸ್ ಅವರ ಅತಿ ಮುಖ್ಯ ಕೆಲಸ ಆರಂಭವಾಗುವ ಮೊದಲೇ ಮುಗಿದುಹೋಗುತ್ತದೆ.