ತೋಳದ ಚರ್ಮ, ಮನುಷ್ಯನ ಉಡುಪು: ಪುರುಷಪ್ರಣಯದ ರೂಪಾಂತರ ಕಥನಗಳಲ್ಲಿ ‘ಪ್ರಕೃತಿ’ಯ ಪ್ರಶ್ನೆ

ಮನುಷ್ಯನು ಪ್ರಾಣಿಯ ರೂಪವನ್ನು ತಳೆಯುವುದು, ಪ್ರಾಣಿಯು ಮನುಷ್ಯನಾಗಿ ಮರಳುವುದು ಜಗತ್ತಿನ ಜನಪದ ಕಥಾಸಾಹಿತ್ಯದ ಅತಿ ವ್ಯಾಪಕ ಆಶಯಗಳಲ್ಲೊಂದು. ಸ್ಟಿತ್ ಥಾಂಪ್ಸನ್ ಸಿದ್ಧಪಡಿಸಿದ ಆಶಯ ಸೂಚಿಯ ‘ಡಿ’ ವಿಭಾಗದಲ್ಲಿ ರೂಪಾಂತರಕ್ಕೂ ಅದರ ವಿಮೋಚನೆಗೂ ಸಂಬಂಧಿಸಿದ ನೂರಾರು ನಮೂದುಗಳಿವೆ. ಆದರೆ ಈ ಆಶಯದ ಅಧ್ಯಯನವು ಬಹುಮಟ್ಟಿಗೆ ಹೆಣ್ಣುಗಂಡಿನ ದಾಂಪತ್ಯದ ಚೌಕಟ್ಟಿನಲ್ಲಿಯೇ ನಡೆದಿದೆ. ಹಾವಿನ ಗಂಡ, ಕಪ್ಪೆಯ ವರ, ಹೂಮರವಾಗುವ ಮಡದಿ ಇವರ ಕಥೆಗಳನ್ನು ನಾವು ವಿವಾಹಸಂಸ್ಥೆಯ ರೂಪಕಗಳಾಗಿ ಓದುತ್ತ ಬಂದಿದ್ದೇವೆ. ರೂಪ ಬದಲಿಸುವವನೂ ಅವನಿಗೆ ಒಲಿಯುವವನೂ ಇಬ್ಬರೂ ಗಂಡಸರಾದಾಗ ಈ ಆಶಯವು ಯಾವ ಕೆಲಸವನ್ನು ಮಾಡುತ್ತದೆ ಎಂಬುದು ಪ್ರಸ್ತುತ ಲೇಖನದ ಪ್ರಶ್ನೆ.

ಪ್ರಶ್ನೆಯನ್ನು ಎತ್ತಲು ನಿಮಿತ್ತವಾದದ್ದು 2000ರ ನಂತರ ಅಮೆರಿಕದ ಇಂಗ್ಲಿಷಿನಲ್ಲಿ ಬೆಳೆದುಬಂದ ಒಂದು ಜನಪ್ರಿಯ ಕಾದಂಬರಿ ಪ್ರಕಾರ. ‘ಪ್ಯಾರಾನಾರ್ಮಲ್ ರೊಮಾನ್ಸ್’ ಎಂದು ಕರೆಯಲಾಗುವ ಅತಿಮಾನುಷ ಪ್ರಣಯ ಕಾದಂಬರಿಯ ಈ ಕವಲಿನಲ್ಲಿ ತೋಳವೋ ಚಿರತೆಯೋ ಆಗಬಲ್ಲ ಗಂಡಸರು ಪರಸ್ಪರ ಪ್ರೇಮಿಸುತ್ತಾರೆ. ದೊಡ್ಡ ಪ್ರಕಾಶಕರು ಮುಟ್ಟದಿದ್ದ ಕಾಲದಲ್ಲಿ ಇದನ್ನು ಪೋಷಿಸಿದವರು ಸಮ್‌ಹೇನ್, 2007ರಲ್ಲಿ ಆರಂಭವಾದ ಡ್ರೀಮ್‌ಸ್ಪಿನ್ನರ್ ಮೊದಲಾದ ಸಣ್ಣ ಪ್ರಕಾಶಕರು. ಮಾಧ್ಯಮ ಮುಖ್ಯವಾಗಿ ಇ-ಪುಸ್ತಕ. ಬರೆಯುವವರಲ್ಲಿಯೂ ಓದುವವರಲ್ಲಿಯೂ ಮಹಿಳೆಯರ ಸಂಖ್ಯೆ ದೊಡ್ಡದು. ಸೂತ್ರಬದ್ಧ ಬರವಣಿಗೆ ಎಂಬ ಕಾರಣಕ್ಕೆ ಸಾಹಿತ್ಯ ವಿಮರ್ಶೆ ಇದನ್ನು ಬದಿಗಿಡಬಹುದು. ಜಾನಪದದ ವಿದ್ಯಾರ್ಥಿಗೆ ಆ ಸ್ವಾತಂತ್ರ್ಯವಿಲ್ಲ. ಸೂತ್ರವೇ ನಮ್ಮ ಅಧ್ಯಯನದ ವಸ್ತು. ನೂರು ಬಾರಿ ಹೇಳಿದರೂ ಕೇಳುಗರು ಮತ್ತೆ ಬಯಸುವ ಕಥೆಯಲ್ಲಿ ಒಂದು ಸಮುದಾಯದ ಅಗತ್ಯವು ಅಡಗಿರುತ್ತದೆ ಎಂಬುದು ನಮ್ಮ ಶಿಸ್ತಿನ ಮೂಲಭೂತ ನಂಬಿಕೆಗಳಲ್ಲೊಂದು.

ಈ ಕಾದಂಬರಿಗಳ ಮೂಲವನ್ನು ಹಾಲಿವುಡ್ಡಿನ ನರತೋಳ ಚಿತ್ರಗಳಲ್ಲಿ ಹುಡುಕುವುದು ವಾಡಿಕೆ. ನನ್ನ ದೃಷ್ಟಿಯಲ್ಲಿ ಅವುಗಳೊಂದಿಗೆ ಇಟ್ಟು ನೋಡಬೇಕಾದ ಪಠ್ಯ ಅದಕ್ಕಿಂತ ಬಹು ಹಿಂದಿನದು. ಹನ್ನೆರಡನೆಯ ಶತಮಾನದ ಉತ್ತರಾರ್ಧದಲ್ಲಿ ಮಾರಿ ದ ಫ್ರಾನ್ಸ್ ಎಂಬ ಕವಯಿತ್ರಿ ಆಂಗ್ಲೋ-ನಾರ್ಮನ್ ಫ್ರೆಂಚಿನಲ್ಲಿ ರಚಿಸಿದ ಹನ್ನೆರಡು ಕಥನಕವನಗಳಲ್ಲಿ ‘ಬಿಸ್ಕ್ಲಾವ್ರೆ’ ಒಂದು. ಬ್ರೆಟನ್ ಜನರ ಬಾಯಲ್ಲಿದ್ದ ಕಥೆಗಳೇ ತನ್ನ ಆಕರವೆಂದು ಆಕೆ ಹೇಳಿಕೊಂಡಿದ್ದಾಳೆ. ಕಥೆಯನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡಬೇಕು.

ಬ್ರಿಟನಿಯ ಒಬ್ಬ ಸರದಾರ ವಾರದಲ್ಲಿ ಮೂರು ದಿನ ಮನೆಯಿಂದ ಕಾಣೆಯಾಗುತ್ತಾನೆ. ಹೆಂಡತಿ ಕಾಡಿ ಬೇಡಿ ಗುಟ್ಟನ್ನು ಹೊರತೆಗೆಯುತ್ತಾಳೆ: ಅವನು ಆ ದಿನಗಳಲ್ಲಿ ತೋಳವಾಗಿ ಕಾಡಿನಲ್ಲಿರುತ್ತಾನೆ, ಹಳೆಯ ಪ್ರಾರ್ಥನಾ ಮಂದಿರವೊಂದರ ಬಳಿ ಪೊದೆಯ ಮರೆಯ ಟೊಳ್ಳುಗಲ್ಲಿನಲ್ಲಿ ಉಡುಪನ್ನು ಬಚ್ಚಿಡುತ್ತಾನೆ, ಉಡುಪು ಹೋದರೆ ಮರಳಿ ಮನುಷ್ಯನಾಗುವಂತಿಲ್ಲ. ಹೆದರಿದ ಹೆಂಡತಿ ತನ್ನನ್ನು ಬಯಸುತ್ತಿದ್ದ ಇನ್ನೊಬ್ಬ ಯೋಧನಿಂದ ಆ ಉಡುಪನ್ನು ಕದಿಸಿ ಅವನನ್ನೇ ಮದುವೆಯಾಗುತ್ತಾಳೆ. ವರ್ಷ ಕಳೆದ ಮೇಲೆ ರಾಜ ಬೇಟೆಗೆ ಬರುತ್ತಾನೆ. ನಾಯಿಗಳು ಮುತ್ತಿದಾಗ ತೋಳವು ರಾಜನತ್ತ ಓಡಿ, ಅವನ ರಿಕಾಪನ್ನು ಹಿಡಿದು ಕಾಲಿಗೆ ಮುತ್ತಿಡುತ್ತದೆ. ರಾಜ ಬೆರಗಾಗಿ, ಈ ಮೃಗಕ್ಕೆ ವಿವೇಕವಿದೆ ಎಂದು ಅಭಯವಿತ್ತು ಅರಮನೆಗೆ ಕರೆತರುತ್ತಾನೆ. ಅಲ್ಲಿಂದ ಮುಂದೆ ತೋಳವು ರಾಜನ ಸಮೀಪದಲ್ಲಿಯೇ ಮಲಗುತ್ತದೆ, ಅವನನ್ನು ಅಗಲುವುದಿಲ್ಲ. ಉಡುಪು ಕದ್ದ ಯೋಧ ಎದುರಾದಾಗ ಮೇಲೆರಗುತ್ತದೆ. ಹೆಂಡತಿ ಎದುರಾದಾಗ ಅವಳ ಮೂಗನ್ನು ಕಿತ್ತುಹಾಕುತ್ತದೆ. ಸತ್ಯ ಹೊರಬಿದ್ದು ಉಡುಪನ್ನು ತಂದು ಮುಂದಿಟ್ಟರೆ ತೋಳವು ಅದನ್ನು ನೋಡುವುದೂ ಇಲ್ಲ. ಆಗ ಒಬ್ಬ ಜ್ಞಾನಿ ಹೇಳುತ್ತಾನೆ: ಎಲ್ಲರೆದುರು ರೂಪ ಬದಲಿಸಲು ಅದಕ್ಕೆ ನಾಚಿಕೆ, ನಿನ್ನ ಶಯ್ಯಾಗೃಹದಲ್ಲಿ ಒಂಟಿಯಾಗಿ ಬಿಡು. ಸ್ವಲ್ಪ ಹೊತ್ತಿನ ನಂತರ ರಾಜ ಬಾಗಿಲು ತೆರೆದರೆ ತನ್ನ ಮಂಚದ ಮೇಲೆ ಆ ಸರದಾರ ನಿದ್ರಿಸುತ್ತಿದ್ದಾನೆ. ರಾಜ ಓಡಿಹೋಗಿ ಅಪ್ಪಿಕೊಂಡು ನೂರಕ್ಕೂ ಹೆಚ್ಚು ಬಾರಿ ಮುತ್ತಿಡುತ್ತಾನೆ.

ಇದನ್ನು ಇಂದಿನ ಅರ್ಥದ ಸಲಿಂಗ ಪ್ರೇಮಕಥೆ ಎನ್ನುವುದು ಇತಿಹಾಸಕ್ಕೆ ಮಾಡುವ ಅಪಚಾರ. ಊಳಿಗಮಾನ್ಯ ಸಮಾಜದಲ್ಲಿ ಒಡೆಯ ಮತ್ತು ಸಾಮಂತರ ನಡುವಿನ ಮುತ್ತು ನಿಷ್ಠೆಯ ಮುದ್ರೆಯೂ ಆಗಿತ್ತು. ಆದರೆ ದಾಂಪತ್ಯ ಮುರಿದುಬಿದ್ದ ಕಡೆ ಇಬ್ಬರು ಗಂಡಸರ ಬಾಂಧವ್ಯವನ್ನು ಕೂರಿಸಿ, ಅದಕ್ಕೆ ಶಯ್ಯಾಗೃಹವನ್ನು ತೆರೆದುಕೊಟ್ಟು ಕಥೆ ಮುಗಿಯುತ್ತದೆ ಎಂಬುದನ್ನು ಕಾಣದಿರುವುದೂ ಅಷ್ಟೇ ದೊಡ್ಡ ಅಪಚಾರ. ಇಲ್ಲಿ ಎರಡು ಸಂಗತಿಗಳು ಮುಖ್ಯ. ರಾಜನಿಗೆ ತೋಳವು ಯಾರೆಂದು ತಿಳಿಯದು. ತಿಳಿಯುವ ಮುನ್ನವೇ ಅದರ ನಡತೆಯನ್ನು ನೋಡಿ ಅವನು ಅದನ್ನು ಹತ್ತಿರ ಬಿಟ್ಟುಕೊಂಡಿದ್ದಾನೆ. ಎರಡನೆಯದು ನಾಚಿಕೆ. ಮೃಗವಾಗಿದ್ದಾಗಲೂ ಅವನಲ್ಲಿ ಉಳಿದ ಮನುಷ್ಯತ್ವಕ್ಕೆ ಅದು ಸಾಕ್ಷಿ. ರಾಜ ಆ ನಾಚಿಕೆಯನ್ನು ಗೌರವಿಸಿ ಮರೆಯನ್ನು ಒದಗಿಸುತ್ತಾನೆ.

ನಾಚಿಕೆಗೂ ರೂಪಾಂತರಕ್ಕೂ ಇರುವ ನಂಟು ನಮಗೆ ಅಪರಿಚಿತವಲ್ಲ. ಮಹಾಭಾರತದ ಆದಿಪರ್ವದಲ್ಲಿ ಪಾಂಡುವಿನ ಬಾಣಕ್ಕೆ ಬಿದ್ದ ಕಿಂದಮ ಮುನಿ ತಾನು ಜಿಂಕೆಯಾದದ್ದಕ್ಕೆ ಕೊಡುವ ಕಾರಣ ಮನುಷ್ಯರೆದುರಿನ ಲಜ್ಜೆಯೇ. ಅವನಿಗೆ ಶಾಪವಿಲ್ಲ, ಪ್ರಾಣಿರೂಪವು ಅವನೇ ಆಯ್ದುಕೊಂಡ ಆಸರೆ.

ಜನಪದ ಕಥೆಗಳ ಹೆಚ್ಚು ಪರಿಚಿತ ಮಾದರಿ ಇದಕ್ಕೆ ವಿರುದ್ಧವಾದುದು. ಅಲ್ಲಿ ಪ್ರಾಣಿಯ ಚರ್ಮವು ಕಳಚಬೇಕಾದ ಹೊದಿಕೆ. 1199ರಲ್ಲಿ ಪೂರ್ಣಭದ್ರನು ಸಂಕಲಿಸಿದ ಪಂಚತಂತ್ರದಲ್ಲಿ ಹಾವಾಗಿ ಹುಟ್ಟಿದ ಬ್ರಾಹ್ಮಣಪುತ್ರನು ರಾತ್ರಿ ಪೊರೆ ಕಳಚಿ ಹೆಂಡತಿಯನ್ನು ಸೇರುತ್ತಾನೆ. ತಂದೆ ಆ ಪೊರೆಯನ್ನು ಸುಟ್ಟು ಅವನನ್ನು ಶಾಶ್ವತವಾಗಿ ಮನುಷ್ಯನನ್ನಾಗಿಸುತ್ತಾನೆ. ಥಾಂಪ್ಸನ್ನರ ಸೂಚಿಯಲ್ಲಿ ಚರ್ಮನಾಶದ ಮೂಲಕ ವಿಮೋಚನೆಗೆ ಡಿ 721.3 ಎಂಬ ಸಂಖ್ಯೆಯೇ ಇದೆ. ಗಿರೀಶ ಕಾರ್ನಾಡರ ‘ನಾಗಮಂಡಲ’ (1988) ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಮೌಖಿಕ ಕಥೆಗಳನ್ನು ಆಧರಿಸಿದ್ದು. ಅಲ್ಲಿ ದಿಕ್ಕು ತಿರುಗಿದೆ. ನಾಗನೇ ಗಂಡನ ರೂಪ ತಳೆದು ಬರುತ್ತಾನೆ. ಆದರೂ ಕೊನೆಗೆ ಗಂಡನ ಮನೆ ಉಳಿಯಬೇಕು, ನಾಗ ಹಿಂದೆ ಸರಿಯಬೇಕು. ಎಲ್ಲ ಕಡೆಯೂ ಒಂದು ರೂಪ ಉಳಿದು ಇನ್ನೊಂದು ಅಳಿಯುತ್ತದೆ.

ಆಧುನಿಕ ಪುರುಷಪ್ರಣಯದ ಕಾದಂಬರಿಗಳು ಚರ್ಮವನ್ನು ಸುಡುವುದಿಲ್ಲ. ಇದು ಅವುಗಳ ನಿಜವಾದ ಹೊಸತನ. ತೋಳವಾಗುವುದು ರೋಗವಲ್ಲ, ಶಾಪವಲ್ಲ; ಪ್ರೇಮಿಸುವವನು ಎರಡೂ ರೂಪಗಳನ್ನು ಒಪ್ಪಬೇಕು. ಗುಟ್ಟು ಬಿಚ್ಚಿಡುವ ದೃಶ್ಯವು ಕಥೆಯ ತಿರುವಾಗುತ್ತದೆ; ತಾನು ಎಂಥವನೆಂದು ಮನೆಯವರಿಗೂ ಸ್ನೇಹಿತರಿಗೂ ಹೇಳಬೇಕಾದ ಯುವಕನ ಸಂಕಟಕ್ಕೆ ಅದು ಕನ್ನಡಿ ಹಿಡಿಯುತ್ತದೆಂದು ಬೇರೆಯಾಗಿ ವಿವರಿಸಬೇಕಾಗಿಲ್ಲ.

ನನ್ನ ಆಕ್ಷೇಪ ಇರುವುದು ಇನ್ನೊಂದು ಸೂತ್ರದ ಬಗ್ಗೆ. ಈ ಪ್ರಕಾರದಲ್ಲಿ ‘ಮೇಟ್’ ಎಂಬ ಪದಕ್ಕೆ ‘ವಿಧಿನಿಯತ ಜೊತೆಗಾರ’ ಎಂಬ ಅರ್ಥ. ತೋಳವು ವಾಸನೆಯಿಂದಲೇ ತನ್ನ ಜೊತೆಗಾರನನ್ನು ಗುರುತಿಸುತ್ತದೆ. ಆನಂತರ ಆಯ್ಕೆಯ ಮಾತಿಲ್ಲ. ಜೆ.ಎಲ್. ಲ್ಯಾಂಗ್ಲಿಯವರ ‘ವಿದೌಟ್ ರಿಸರ್ವೇಷನ್ಸ್’ ಕಾದಂಬರಿಯ ನಾಯಕ ಅಮೆರಿಕದ ಮೂಲನಿವಾಸಿ ಸಮುದಾಯದ ಪಶುವೈದ್ಯ. ಹೆಣ್ಣನ್ನೇ ನಿರೀಕ್ಷಿಸಿದ್ದ ಅವನಿಗೆ ವಿಧಿ ತೋರಿಸುವ ಜೊತೆಗಾರ ಗಂಡು. ಮೇರಿ ಕಾಮ್ಸ್ ಅವರ ‘ಚೇಂಜ್ ಆಫ್ ಹಾರ್ಟ್’ (2009) ಚಿರತೆಯಾಗುವವರ ಕಥೆ. ಅಲ್ಲಿಯ ಗಣನಾಯಕ ಅದುವರೆಗೆ ಗಂಡಸರತ್ತ ಮನಸೋತವನಲ್ಲ; ಆದರೂ ಜಿನ್ ಎಂಬ ತರುಣ ತನಗೆ ಜನ್ಮತಃ ನಿಯತನಾದವನೆಂದು ತಿಳಿದೊಡನೆ ಪ್ರಶ್ನೆ ಮುಗಿದಂತೆ. ಎರಡೂ ಕಡೆ ಪುರುಷನು ಪುರುಷನನ್ನು ಒಪ್ಪುವುದು ತಾನು ಬಯಸಿದ್ದರಿಂದ ಅಲ್ಲ, ತನ್ನೊಳಗಿನ ಮೃಗ ಹೇಳಿದ್ದರಿಂದ.

ಈ ಸೂತ್ರಕ್ಕೆ ಇಷ್ಟು ಬೇಡಿಕೆ ಏಕೆ? ಉತ್ತರವನ್ನು ಕಾನೂನಿನ ಭಾಷೆಯಲ್ಲಿ ಹುಡುಕಬಹುದೆಂದು ನನಗನಿಸುತ್ತದೆ. ಪುರುಷರ ನಡುವಿನ ಕೂಟವನ್ನು ‘ಪ್ರಕೃತಿಗೆ ವಿರುದ್ಧವಾದ ಅಪರಾಧ’ ಎಂದು ಹೆಸರಿಸಿದ್ದು ಇಂಗ್ಲಿಷ್ ಕಾನೂನಿನ ಪರಂಪರೆ. ಅಮೆರಿಕದ ಹಲವು ರಾಜ್ಯಗಳ ಶಾಸನಗಳು ಅದೇ ನುಡಿಗಟ್ಟನ್ನು ಉಳಿಸಿಕೊಂಡಿದ್ದವು. ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ವಯಸ್ಕರ ಸಮ್ಮತಿಯ ಸಂಬಂಧಗಳನ್ನು ಶಿಕ್ಷಿಸುವ ಇಂಥ ಕಾನೂನುಗಳನ್ನು ಅಸಿಂಧುಗೊಳಿಸಿದ್ದು 2003ರಲ್ಲಿ, ಅಂದರೆ ಈ ಕಾದಂಬರಿ ಪ್ರಕಾರವು ತಲೆಯೆತ್ತುತ್ತಿದ್ದ ವರ್ಷಗಳಲ್ಲಿಯೇ. 1860ರ ಭಾರತೀಯ ದಂಡಸಂಹಿತೆಯ 377ನೆಯ ಕಲಮು ಅದೇ ಬೇರಿನ ಇನ್ನೊಂದು ಕೊಂಬೆ. ಪ್ರಕೃತಿಯ ಕ್ರಮಕ್ಕೆ ವಿರುದ್ಧವಾದ ಸಂಭೋಗವನ್ನು ಅದು ಪುರುಷ, ಸ್ತ್ರೀ ಮತ್ತು ಪ್ರಾಣಿ ಎಂಬ ಮೂರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ನಿಷೇಧಿಸಿತ್ತು. 2009ರಲ್ಲಿ ದೆಹಲಿ ಉಚ್ಚ ನ್ಯಾಯಾಲಯ ಅದರ ವ್ಯಾಪ್ತಿಯನ್ನು ಮೊಟಕುಗೊಳಿಸಿತು. 2013ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಿತು. 2018ರ ಸೆಪ್ಟೆಂಬರ್ 6ರಂದು ಅದೇ ನ್ಯಾಯಾಲಯ ವಯಸ್ಕರ ಸಮ್ಮತಿಯ ಸಂಬಂಧವನ್ನು ಅಪರಾಧದಿಂದ ಮುಕ್ತಗೊಳಿಸಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಕಲಮೇ ಇಲ್ಲ.

ಶತಮಾನಗಳ ಕಾಲ ‘ನೀನು ಪ್ರಕೃತಿಗೆ ವಿರುದ್ಧ’ ಎಂದು ಕೇಳಿಸಿಕೊಂಡವರ ಪರವಾಗಿ ಕಾದಂಬರಿಯು ಪ್ರಕೃತಿಯನ್ನೇ ಸಾಕ್ಷಿಕಟ್ಟೆಗೆ ಕರೆತರುತ್ತದೆ. ತೋಳ ಬಂದು ‘ಇವನು ನನ್ನವನು’ ಎನ್ನುತ್ತದೆ. ಮೃಗವು ಸುಳ್ಳು ಹೇಳುವುದಿಲ್ಲವಾದ್ದರಿಂದ ವಾದ ಗೆದ್ದಂತೆ. ಈ ತಂತ್ರದ ಹಿಂದಿನ ನೋವನ್ನು ಅರಿಯದೆ ಅದನ್ನು ಹಗುರಾಗಿ ಕಾಣಲಾಗದು. ಆದರೆ ಆರೋಪಿಸಿದವನ ಮಾನದಂಡವನ್ನೇ ಒಪ್ಪಿಕೊಂಡು ಗೆದ್ದ ವಾದವಿದು. ಪ್ರಕೃತಿ ಒಪ್ಪಿದರೆ ಮಾತ್ರ ಪ್ರೀತಿ ಸಿಂಧು ಎಂಬ ನಿಯಮ ಹಾಗೆಯೇ ಉಳಿಯಿತು. ಇಬ್ಬರು ಗಂಡಸರು ಯಾವ ಮೃಗದ ಅಪ್ಪಣೆಯೂ ಇಲ್ಲದೆ, ಒಬ್ಬರ ನಡತೆಯನ್ನು ಇನ್ನೊಬ್ಬರು ಕಂಡು ಒಲಿಯಬಹುದೆಂಬ ಸಾಧ್ಯತೆಯನ್ನು ಹನ್ನೆರಡನೆಯ ಶತಮಾನದ ಕವಯಿತ್ರಿ ಬಿಟ್ಟುಕೊಟ್ಟಿರಲಿಲ್ಲ.

ಸಾಕ್ಷಿಗೆ ಬಂದ ಪ್ರಕೃತಿಯೂ ಅಷ್ಟು ವಿಶ್ವಾಸಾರ್ಹವಲ್ಲ. ಈ ಕಾದಂಬರಿಗಳ ಸಮಾಜರಚನೆ ನಿಂತಿರುವುದು ‘ಆಲ್ಫಾ’ ಎಂಬ ನಾಯಕತೋಳದ ಮೇಲೆ; ಹಿಂಡಿನ ಉಳಿದವರು ಅವನಿಗೆ ತಲೆಬಾಗುತ್ತಾರೆ, ಪ್ರಣಯದಲ್ಲಿಯೂ ಅವನದೇ ಮೇಲುಗೈ. ಈ ಕಲ್ಪನೆಯನ್ನು ರೂಪಿಸಿದ್ದು ರುಡಾಲ್ಫ್ ಶೆಂಕೆಲ್ 1947ರಲ್ಲಿ ಪ್ರಕಟಿಸಿದ, ಸೆರೆಯಲ್ಲಿದ್ದ ತೋಳಗಳ ಅಧ್ಯಯನ. ಅದನ್ನು 1970ರ ತಮ್ಮ ಗ್ರಂಥದಲ್ಲಿ ಜನಪ್ರಿಯಗೊಳಿಸಿದ ಡೇವಿಡ್ ಮೆಕ್ ಅವರೇ 1999ರ ಪ್ರಬಂಧದಲ್ಲಿ ಅದನ್ನು ತಿದ್ದಿದರು: ಕಾಡಿನ ತೋಳದ ಹಿಂಡು ಸಾಮಾನ್ಯವಾಗಿ ತಂದೆ, ತಾಯಿ ಮತ್ತು ಮರಿಗಳ ಕುಟುಂಬ, ಅಲ್ಲಿ ಪಟ್ಟಕ್ಕಾಗಿ ಕಾದಾಟವಿಲ್ಲ. ಕಾದಂಬರಿಗಳು ಪ್ರಕೃತಿ ಎಂದು ತೋರಿಸುತ್ತಿರುವುದು ಬೇರೆಬೇರೆ ಕಡೆಗಳಿಂದ ತಂದು ಒಂದೇ ಬೇಲಿಯೊಳಗೆ ಕೂಡಿಹಾಕಿದ ಪ್ರಾಣಿಗಳ ನಡವಳಿಕೆಯನ್ನು.

ಈ ಇಕ್ಕಟ್ಟನ್ನು ಒಳಗಿನಿಂದಲೇ ಅರಿತಂತೆ ಕಾಣುವ ಕೃತಿ ಟಿ.ಜೆ. ಕ್ಲೂನ್ ಅವರ ‘ವುಲ್ಫ್‌ಸಾಂಗ್’. 2016ರಲ್ಲಿ ಡ್ರೀಮ್‌ಸ್ಪಿನ್ನರ್ ಪ್ರಕಟಿಸಿದ್ದ ಇದನ್ನು 2023ರಲ್ಲಿ ಟಾರ್ ಎಂಬ ದೊಡ್ಡ ಪ್ರಕಾಶನ ಸಂಸ್ಥೆ ಮರುಪ್ರಕಟಿಸಿತು. ಅಂಚಿನ ಪ್ರಕಾರವೊಂದು ನಡುಮನೆಗೆ ಬಂದುದರ ಗುರುತು ಇದು. ಆರೆಗನ್ ರಾಜ್ಯದ ಗ್ರೀನ್ ಕ್ರೀಕ್ ಎಂಬ ಊರಿನಲ್ಲಿ, ತಂದೆ ಕೈಬಿಟ್ಟುಹೋದ ಆಕ್ಸ್ ಎಂಬ ಹುಡುಗ ತೋಳಗಳ ಕುಟುಂಬವೊಂದಕ್ಕೆ ಹತ್ತಿರವಾಗುತ್ತಾನೆ. ಆ ಮನೆಯ ಕಿರಿಯ ಮಗ ಜೋ ಅವನಿಗೆ ಕಲ್ಲಿನ ಪುಟ್ಟ ತೋಳವೊಂದನ್ನು ಕೊಡುತ್ತಾನೆ. ಅದು ಜೊತೆಗಾರನಿಗೆ ಕೊಡುವ ಕಾಣಿಕೆ. ವಾಸನೆಯ ಸೂತ್ರ ಇಲ್ಲಿಯೂ ಇದೆ. ಆದರೆ ಕಾಣಿಕೆಯೆಂದ ಮೇಲೆ ಅದನ್ನು ನಿರಾಕರಿಸಲೂ ಬಹುದು. ವಿಧಿಯ ಬದಲು ಕೊಡುಕೊಳ್ಳುವಿಕೆ ಬಂತು. ಮುಂದೆ ಜೋ ತಂದೆಯ ಹಂತಕನನ್ನು ಬೆನ್ನಟ್ಟಿ ಮೂರು ವರ್ಷ ದೂರ ಹೋದಾಗ, ಉಳಿದವರನ್ನು ಕಾಪಾಡುವವನು ತೋಳವಲ್ಲದ, ಬರಿಯ ಮನುಷ್ಯನಾದ ಆಕ್ಸ್. ಹಿಂಡು ಅವನನ್ನು ನಾಯಕನೆಂದು ಒಪ್ಪುವುದು ಅವನ ಹಲ್ಲುಗುರುಗಳನ್ನು ನೋಡಿಯಲ್ಲ. ಮರಳಿದ ಜೋನನ್ನು ಅವನು ಕೂಡಲೇ ಕ್ಷಮಿಸುವುದೂ ಇಲ್ಲ. ಈ ಭಾಗದಲ್ಲಿ ಕಾದಂಬರಿ ಬಿಸ್ಕ್ಲಾವ್ರೆಯ ಎತ್ತರಕ್ಕೆ ಏರುತ್ತದೆ: ನಡತೆಯೇ ಗುರುತು.

ಹಾಗೆಂದು ಅದರ ಕೊರತೆಯನ್ನು ಮುಚ್ಚಿಡಬೇಕಾಗಿಲ್ಲ. ಮೊದಲ ಭೇಟಿಯಲ್ಲಿ ಆಕ್ಸ್‌ನಿಗೆ 16, ಜೋಗೆ 10. ಪ್ರಣಯವು ಅವನು ವಯಸ್ಕನಾದ ಮೇಲೆಯೇ ಎಂದು ಲೇಖಕರು ಎಚ್ಚರ ವಹಿಸಿದ್ದಾರೆ. ಆದರೂ ಬಾಲಕನೊಬ್ಬನ ಮೂಗು ಬದುಕಿನ ಅತಿದೊಡ್ಡ ತೀರ್ಮಾನವನ್ನು ಮೊದಲೇ ಮಾಡಿಬಿಟ್ಟಿದೆ ಎಂಬ ಕಿರಿಕಿರಿ ಓದುಗನನ್ನು ಬಿಡದು. ವಿಧಿನಿಯತ ಪ್ರೇಮದ ಸೂತ್ರ ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ಇದೇ ನಿದರ್ಶನ.

ಕೊನೆಯದಾಗಿ ಹೆಣ್ಣುಗಳ ಮಾತು. ಬಿಸ್ಕ್ಲಾವ್ರೆಯ ಹೆಂಡತಿಗೆ ಹೆಸರಿಲ್ಲ. ಮೂಗು ಕಳೆದುಕೊಂಡು ದೇಶಭ್ರಷ್ಟಳಾಗುವ ಅವಳ ಸಂತತಿಯಲ್ಲಿ ಹಲವು ಹೆಣ್ಣುಮಕ್ಕಳು ಮೂಗಿಲ್ಲದೆ ಹುಟ್ಟಿದರೆಂದು ಕವಿತೆ ಹೇಳುತ್ತದೆ. ಭಾರತೀಯ ಓದುಗನಿಗೆ ಇಲ್ಲಿ ಶೂರ್ಪನಖಿ ನೆನಪಾಗದಿರಲಾರಳು. ಅವಳೂ ಕಾಮರೂಪಿಣಿ, ಬೇಕಾದ ರೂಪ ತಳೆಯಬಲ್ಲವಳು. ಬಯಕೆಯನ್ನು ಬಾಯಿಬಿಟ್ಟು ಹೇಳಿದ್ದಕ್ಕೆ ಅವಳ ಮೂಗೂ ಹೋಯಿತು. ಗಂಡು ರೂಪ ಬದಲಿಸಿದರೆ ಶಯ್ಯಾಗೃಹ, ಹೆಣ್ಣು ಬದಲಿಸಿದರೆ ಕತ್ತಿ. ಇಂದಿನ ಕಾದಂಬರಿಗಳಲ್ಲಿ ಹೆಣ್ಣಿನ ಮೂಗು ಕೊಯ್ಯುವುದಿಲ್ಲ; ಆದರೆ ಅವಳು ಹೆಚ್ಚಾಗಿ ಮಮತೆಯ ತಾಯಿ, ಇಲ್ಲವೆ ಅಸೂಯೆಯ ಹಳೆಯ ಪ್ರೇಯಸಿ. ಬಹುಪಾಲು ಹೆಂಗಸರೇ ಬರೆದು ಹೆಂಗಸರೇ ಓದುವ ಕಥೆಯೊಳಗೆ ಹೆಣ್ಣಿಗೆ ಹಿಂಡಿನಲ್ಲಿ ಇಷ್ಟೇ ಜಾಗ ಉಳಿದಿರುವುದು ಏಕೆ ಎಂಬುದನ್ನು ಪಠ್ಯಗಳಿಂದ ಮಾತ್ರ ಬಿಡಿಸಲಾಗದು. ಅದಕ್ಕೆ ಕಥೆಗಾರ್ತಿಯ ಮುಂದೆ ಕುಳಿತು ಕೇಳುವ ನಮ್ಮ ಕ್ಷೇತ್ರಕಾರ್ಯದ ಹಳೆಯ ವಿಧಾನವೇ ಬೇಕು. ಓದುಗರ ನಡುವೆ ಆ ಕೆಲಸವನ್ನು ಮಾಡಬಲ್ಲವರು ಜಾನಪದ ವಿಭಾಗಗಳಲ್ಲಿ ಇದ್ದಾರೆ.